ಎಡಗಡೆಯ ಎರಡನೇ ಹಲ್ಲು

ಸ್ವಂತ ದುಡಿಮೆಗೆ ಇಳಿದ ದಿನ ನನ್ನ ಮೊದಲ ಸಾಧನೆಯೆಂದರೆ ಮನೆಯ ಪ್ರೆಶರ್ ಕುಕ್ಕರನ್ನು ಅಡುಗೆಗೆ ಬಾರದಂತೆ ಮಾಡಿದ್ದು. ಅದರೊಳಗೆ ನಾನು ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರರ ಮೇಲ್ದವಡೆಯನ್ನು ಬೇಯಿಸಿದ್ದೆ.

ಗಾಬರಿ ಬೇಡ. ನಾನು ಹಲ್ಲು ಕಟ್ಟುವವನು. ವೈದ್ಯನಲ್ಲ; ವೈದ್ಯರು ಬಾಯಿ ನೋಡುತ್ತಾರೆ, ನಾನು ಬಾಯಿಯ ಅಚ್ಚು ನೋಡುತ್ತೇನೆ. ಹಲ್ಲೆಲ್ಲ ಉದುರಿದವರ ವಸಡಿನ ಅಚ್ಚು ತೆಗೆದು ವೈದ್ಯರು ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಹುಯ್ದು ಬಿಳಿಯ ದವಡೆ ಮಾಡಿ, ಮೇಲೆ ಮೇಣದ ಕಟ್ಟೆ ಕಟ್ಟಿ, ಅಂಗಡಿಯಿಂದ ತಂದ ಹಲ್ಲುಗಳನ್ನು ಒಂದೊಂದಾಗಿ ನೆಡುತ್ತೇನೆ. ಆಮೇಲೆ ಮೇಣ ಕರಗಿಸಿ, ಅದರ ಜಾಗಕ್ಕೆ ಗುಲಾಬಿ ಬಣ್ಣದ ಹಿಟ್ಟು ತುಂಬಿ, ಹಿತ್ತಾಳೆಯ ಡಬ್ಬಿಯಲ್ಲಿ ಬಿಗಿದು ಕುದಿಸಿದರೆ ಒಂದು ನಗು ಸಿದ್ಧ. ಕುದಿಸುವುದಕ್ಕೆ ಬೇರೆ ಯಂತ್ರವಿದೆ. ಅದರ ಬೆಲೆ ಕೇಳಿದ ಮೇಲೆ ನನಗೆ ಕುಕ್ಕರ್ ನೆನಪಾಯಿತು.

"ಅಳಿಯಂದಿರೇ, ಹಲ್ಲು ಎಷ್ಟು ಸೀಟಿಗೆ ಬೇಯುತ್ತೆ?" ಎಂದು ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು.

"ಸೀಟಿ ಹಾಕಬಾರದು ಅತ್ತೆ. ಸಣ್ಣ ಉರೀಲಿ ಮೆತ್ತಗೆ ಬೇಯಬೇಕು."

"ಇನ್ನು ನಮ್ಮನೇಲಿ ಊಟಕ್ಕಿಂತ ಹಲ್ಲೇ ರುಚಿಯಾಗಿರುತ್ತೆ ಬಿಡಿ."

ಹಾಗೆಂದ ಅತ್ತೆಯ ಬಾಯಲ್ಲಿ ಒಂದೇ ಒಂದು ಹಲ್ಲಿರಲಿಲ್ಲ. ಹಲ್ಲು ಕಟ್ಟುವವನ ಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು, ಬಂದು ಹೋಗುವವರಿಗೆಲ್ಲ ಬೋಳು ವಸಡು ತೋರಿಸಿ ನಗುತ್ತಿದ್ದರು. ನನ್ನ ವ್ಯಾಪಾರಕ್ಕೆ ಇದಕ್ಕಿಂತ ಕೆಟ್ಟ ಜಾಹೀರಾತು ಬೇರೆ ಬೇಕಿರಲಿಲ್ಲ. "ಒಂದು ಸೆಟ್ಟು ಮಾಡಿಕೊಡ್ತೀನಿ, ಹಾಕ್ಕೊಳ್ಳಿ" ಎಂದರೆ, "ನೀವು ಕೆಲಸ ಬಿಟ್ಟು ಸ್ವತಂತ್ರ ಆದ್ರಿ, ನಾನು ಹಲ್ಲು ಬಿಟ್ಟು ಸ್ವತಂತ್ರ ಆದೆ. ಇಬ್ಬರೂ ಆರಾಮಾಗಿರೋಣ" ಎನ್ನುತ್ತಿದ್ದರು.

ನಾನು ಬಿಟ್ಟ ಕೆಲಸ ಒಂದು ದೊಡ್ಡ ಲ್ಯಾಬಿನಲ್ಲಿತ್ತು. ಉದ್ದನೆಯ ಕೋಣೆ, ಉದ್ದನೆಯ ಮೇಜು, ಸಾಲಾಗಿ ಸ್ಟೂಲುಗಳು. ಒಬ್ಬ ಪ್ಲಾಸ್ಟರ್ ಹುಯ್ದು ಪಕ್ಕದವನಿಗೆ ದಾಟಿಸುತ್ತಿದ್ದ, ಅವನು ಮೇಣ ಕಟ್ಟಿ ನನ್ನ ಮುಂದಿಡುತ್ತಿದ್ದ, ನಾನು ಹಲ್ಲು ಜೋಡಿಸಿ ಮೇಸ್ತ್ರಿಯ ಕಡೆ ಸರಿಸುತ್ತಿದ್ದೆ. ಮೇಸ್ತ್ರಿ ಕನ್ನಡಕ ಹಣೆಗೇರಿಸಿ ಒಮ್ಮೆ ನೋಡಿ, ಹೆಬ್ಬೆರಳು ಆಡಿಸಿ, ಏನೂ ಹೇಳದೆ ಮುಂದಕ್ಕೆ ಕಳಿಸುತ್ತಿದ್ದರು. ಆ ಮೌನವನ್ನು ನಾನು ಮೆಚ್ಚುಗೆ ಎಂದುಕೊಂಡಿದ್ದೆ. ವರ್ಷಗಟ್ಟಲೆ ಹಾಗೆಯೇ ಅಂದುಕೊಂಡು ಕೂತಿದ್ದೆ. ಮರದ ಸ್ಟೂಲಿನ ಮೇಲೆ ನನ್ನ ಅಳತೆಗೆ ಸರಿಯಾಗಿ ಒಂದು ಗುಳಿಯೇ ಬಿದ್ದಿತ್ತು.

ಮಗಳು ದೊಡ್ಡ ಶಾಲೆಗೆ ಹೋದಳು. ಅತ್ತೆ ನಮ್ಮ ಜೊತೆ ಇರಲು ಬಂದರು. ಸಂಬಳ ಮಾತ್ರ ಎಲ್ಲಿಗೂ ಹೋಗದೆ, ಯಾರನ್ನೂ ಕರೆತರದೆ ಇದ್ದಲ್ಲೇ ಇತ್ತು. ನನ್ನ ಹೆಂಡತಿ ಬಸ್ ನಿಲ್ದಾಣದಲ್ಲಿ ಪಾಸು ಕೊಡುವ ಕೌಂಟರಿನಲ್ಲಿ ಕೂರುತ್ತಾಳೆ. ನಿಜ ಹೇಳಬೇಕೆಂದರೆ ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಲ್ಲಿ, ನನ್ನದು ಜೊತೆಗೆ ಹೆಜ್ಜೆ ಹಾಕುತ್ತಿತ್ತು. ಲ್ಯಾಬಿಗೆ ಬರುವ ಕೆಲಸವನ್ನೇ ಮನೆಯಲ್ಲಿ ಮಾಡಿದರೆ ನಡುವಿನ ಯಜಮಾನರ ಪಾಲು ಉಳಿಯುತ್ತದಲ್ಲ ಎಂಬ ಮಹಾ ಲೆಕ್ಕಾಚಾರ ಒಂದು ದಿನ ನನ್ನ ತಲೆಗೆ ಹೊಳೆಯಿತು. ಆ ಲೆಕ್ಕದಲ್ಲಿ ಕುಕ್ಕರ್ ಇರಲಿಲ್ಲ.

ಯಜಮಾನರು ತಡೆಯಲಿಲ್ಲ. "ಹೋಗಪ್ಪ. ನಿನ್ನ ಸ್ಟೂಲ್ ಯಾರಿಗೂ ಕೊಡಲ್ಲ. ಇಷ್ಟರಲ್ಲೇ ಬರ್ತೀಯ" ಎಂದು ನಕ್ಕರು.

ಹೆಂಡತಿಯ ಒಪ್ಪಂದ ಇನ್ನೂ ಖಚಿತವಾಗಿತ್ತು. "ಒಂದು ವರ್ಷ ನೋಡೋಣ. ನಡೆದರೆ ಸರಿ. ನಡೀಲಿಲ್ಲ ಅಂದ್ರೆ ಹೋಗಿ ಆ ಸ್ಟೂಲ್ ಮೇಲೆ ಕೂತ್ಕೋಬೇಕು. ಮುಖ ಊದಿಸಬಾರದು, ಹಣೆಬರಹ ಅನ್ನಬಾರದು, ನನ್ನ ಮೇಲೆ ಹಾಕಬಾರದು."

ನಾನು ಒಪ್ಪಿದೆ. ಸ್ವಾತಂತ್ರ್ಯಕ್ಕೆ ಹೊರಟವನು ಶರತ್ತುಗಳನ್ನು ಓದುವುದಿಲ್ಲ.

ಬಟ್ಟೆ ಒಣಗಿಸುವ ಹಿಂಬದಿಯ ಕಿರುಕೋಣೆ ನನ್ನ ಕಾರ್ಖಾನೆಯಾಯಿತು. ಹಳೆಯ ಹೊಲಿಗೆಯಂತ್ರದ ಮೇಜು, ಒಂದು ಬಗ್ಗುವ ದೀಪ, ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಸಾಲು ದವಡೆಗಳು. ಬೆಳಗಿನ ಬಿಸಿಲು ಒಣಹಾಕಿದ ಲಂಗಗಳ ನಡುವೆ ನುಸುಳಿ ಆ ದವಡೆಗಳ ಮೇಲೆ ಬಿದ್ದಾಗ, ಯಾರೋ ಒಂದಿಷ್ಟು ಜನ ಮಾತು ಮರೆತು ಬಾಯಿ ತೆರೆದುಕೊಂಡೇ ನಿಂತಂತೆ ಕಾಣುತ್ತಿತ್ತು. ನನಗದು ಸುಂದರವೆನಿಸುತ್ತಿತ್ತು. ಬಟ್ಟೆ ತೆಗೆಯಲು ಬರುವ ಹೆಂಡತಿ ಮಾತ್ರ ಅವುಗಳಿಗೆ ಬೆನ್ನು ಮಾಡಿಯೇ ನಿಲ್ಲುತ್ತಿದ್ದಳು. ಶಾಲೆಯಲ್ಲಿ ಅಪ್ಪ ಏನು ಮಾಡುತ್ತಾರೆಂದು ಕೇಳಿದ್ದಕ್ಕೆ ಮಗಳು "ಹಲ್ಲು ಬೇಯಿಸ್ತಾರೆ" ಎಂದಳಂತೆ. ಅಂದಿನಿಂದ ಬೀದಿಯಲ್ಲಿ ನನ್ನ ಹೆಸರು ಹಲ್ಲುಬೇಯ್ಸೋರು.

ಯಜಮಾನರಿಲ್ಲದ ಬದುಕು ಹೇಗಿರುತ್ತದೆಂದು ಕೇಳುವವರಿಗೆ ಹೇಳುತ್ತೇನೆ: ಮೊದಲು ಒಬ್ಬರಿದ್ದರು, ಈಗ ತುಂಬ ಜನ. ಕೆಲಸ ಕೊಡುವ ಡಾಕ್ಟರುಗಳು, ಉಜ್ಜುವ ಯಂತ್ರದ ಸದ್ದಿಗೆ ನೆಲ ಕುಟ್ಟುವ ಮೇಲಿನ ಮನೆಯವರು, ಹೇಳದೆ ಹೋಗುವ ಕರೆಂಟು, ಬಾಗಿಲಲ್ಲಿ ಕೂತ ಅತ್ತೆ. ರಜೆ ಕೇಳಬೇಕಾದವರು ಯಾರೂ ಇಲ್ಲ, ಹಾಗಾಗಿ ರಜೆಯೂ ಇಲ್ಲ. ಲ್ಯಾಬಿನಲ್ಲಿ ತಲೆನೋವೆಂದು ಮನೆಗೆ ಬರಬಹುದಿತ್ತು. ಈಗ ತಲೆನೋವು ಬಂದರೆ ನಾನೇ ಅದಕ್ಕೆ ಸ್ಟೂಲ್ ಹಾಕಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೆ.

ಆದರೂ ಕೆಲಸ ಹಿಡಿಯಿತು. ಹಿಡಿದದ್ದು ಒಬ್ಬರು ಡಾಕ್ಟರಮ್ಮನಿಂದ. ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವರ ಕ್ಲಿನಿಕ್ಕು, ವಯಸ್ಸಾದವರೆಲ್ಲ ಅಲ್ಲಿಗೇ. ನಾನು ಜೋಡಿಸಿದ ಮೊದಲ ಸೆಟ್ಟನ್ನು ರೋಗಿಯ ಬಾಯಿಗಿಟ್ಟು ನೋಡಿ ಅವರೇ ಫೋನ್ ಮಾಡಿದರು.

"ಏನ್ರೀ ಇದು, ಹುಟ್ಟಿದಾಗಿಂದ ಇದ್ದ ಹಲ್ಲಿನ ಥರ ಇದೆಯಲ್ಲ! ಕಟ್ಟಿಸಿಕೊಂಡದ್ದು ಅಂತ ಗೊತ್ತೇ ಆಗಲ್ಲ. ಹೇಗೆ ಮಾಡ್ತೀರಿ?"

ಹೇಗೆಂದು ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ನಾನಿಟ್ಟ ಹೆಸರು ಕಲೆ. ಮರುವಾರವೇ ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸಿದೆ: ಸ್ವತಂತ್ರ ದಂತಶಿಲ್ಪಿ. ಅಕ್ಷರಕ್ಕೆ ಬಂಗಾರದ ಬಣ್ಣ.

ಅತ್ತೆ ಕಾರ್ಡನ್ನು ತೋಳಳತೆಯ ದೂರದಲ್ಲಿ ಹಿಡಿದು ಓದಿದರು. "ಶಿಲ್ಪಿಗಳೇ, ಆ ನೀರಿನ ಕ್ಯಾನ್ ಸ್ವಲ್ಪ ಎತ್ತಿಡಿ" ಎಂದರು.

ಹೆಂಡತಿ ಅಂದು ತುಂಬ ನಕ್ಕಳು. ನಗುವಾಗ ಅವಳು ಬಾಯಿಗೆ ಅಂಗೈ ಅಡ್ಡ ಇಡುತ್ತಾಳೆ. ಮದುವೆಯಾದಂದಿನಿಂದ, ಅದಕ್ಕೂ ಮೊದಲಿನಿಂದ, ಹಾಗೆಯೇ. ಅವಳ ಮುಂದಿನ ಜೋಡಿಹಲ್ಲಿನ ಪಕ್ಕದ್ದು, ಎಡಗಡೆಯದು, ಕೊಂಚ ತಿರುಗಿ ನೆರೆಯವನ ಭುಜದ ಮೇಲೆ ಒರಗಿದೆ. ಅಷ್ಟೇ. ಕಿಟಕಿಯಿಂದ ಯಾರೋ ಮೈ ಓರೆ ಮಾಡಿ ಬೀದಿ ನೋಡಿದ ಹಾಗೆ. ಚಿಕ್ಕವಳಿದ್ದಾಗ ಸೊಟ್ಟಹಲ್ಲಿ ಎಂದು ರೇಗಿಸುತ್ತಿದ್ದರಂತೆ. ಕೈ ಆಗ ಮೇಲೆ ಹೋದದ್ದು, ಇಳಿಯಲೇ ಇಲ್ಲ. ಅಂಗೈಯ ಅಂಚಿನಿಂದ ನಗು ಹೊರಗೆ ಚೆಲ್ಲುವುದನ್ನು ಕಾಯುತ್ತಾ ಕೂರುವುದು ನನಗೆ ರೂಢಿಯಾಗಿಬಿಟ್ಟಿತ್ತು. ಇದನ್ನೆಲ್ಲ ಅವಳಿಗೆ ಹೇಳಿರಲಿಲ್ಲ. ಶಿಲ್ಪಿಗಳು ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುವುದಿಲ್ಲ ನೋಡಿ.

ವರ್ಷ ತುಂಬುತ್ತಾ ಬಂದಿತ್ತು. ಡಾಕ್ಟರಮ್ಮನ ಕೆಲಸವೇ ನನ್ನ ಮುಕ್ಕಾಲು ಕೆಲಸ. ಇನ್ನೇನು ಗೆದ್ದೆ ಎಂದುಕೊಂಡು ಹೊಸ ಕುಕ್ಕರ್ ನೋಡಲು ಅಂಗಡಿಗೆ ಹೊರಟಿದ್ದೆ. ಆಗ ಫೋನ್ ಬಂತು. "ಈಗಲೇ ಬನ್ನಿ."

ಮೆಚ್ಚುಗೆಗೇ ಕರೆದಿರಬೇಕೆಂದು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದೆ.

ಡಾಕ್ಟರಮ್ಮ ಮೇಜಿನ ಮೇಲೆ ಒಂದು ದೊಡ್ಡ ಫೋಟೋ ಇಟ್ಟರು. ನಿವೃತ್ತ ನೌಕರರ ಸಂಘದ ವಾರ್ಷಿಕ ಸಭೆಯ ಗ್ರೂಪ್ ಫೋಟೋ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತವರು ಅವರ ರೋಗಿಗಳು. ಪೋಸ್ಟ್‌ಮಾಸ್ಟರು, ಬ್ಯಾಂಕಿನ ಕ್ಯಾಷಿಯರು, ನರ್ಸಮ್ಮ, ಅವರ ಯಜಮಾನರು, ಇನ್ನೂ ಕೆಲವರು. ಹೊಸ ಹಲ್ಲು ಕಟ್ಟಿಸಿಕೊಂಡ ಖುಷಿಯಲ್ಲಿ ಎಲ್ಲರೂ ಬಾಯಿ ತುಂಬ ನಕ್ಕಿದ್ದರು.

"ನೋಡಿ" ಎಂದರು.

"ಚೆನ್ನಾಗಿದೆ ಮೇಡಂ. ಎಲ್ಲರೂ ಖುಷಿಯಾಗಿದ್ದಾರೆ."

"ಸರಿಯಾಗಿ ನೋಡಿ. ಇವರೇನು ಒಂದೇ ತಾಯಿ ಮಕ್ಕಳಾ?"

ನೋಡಿದೆ. ಉದ್ದ ಮುಖ, ದುಂಡು ಮುಖ, ಕಪ್ಪು, ಕೆಂಪು, ಬೋಳು ತಲೆ, ಬಿಳಿ ಜಡೆ. ಅಷ್ಟೂ ಮುಖಗಳಲ್ಲಿ ನಗು ಒಂದೇ. ಎಡಗಡೆಯ ಎರಡನೇ ಹಲ್ಲು ಎಲ್ಲರಿಗೂ ಕೊಂಚ ತಿರುಗಿ, ಪಕ್ಕದ್ದರ ಭುಜದ ಮೇಲೆ ಒರಗಿತ್ತು. ದೇವರಾಣೆಗೂ ಯಾಕೆ ಹಾಗಾಯಿತೆಂದು ನನ್ನ ತಲೆಗೆ ಹೋಗಲಿಲ್ಲ.

"ಮೊದಲನೇ ಸಲ ನೋಡಿದಾಗ ನಾನೇ ಹೊಗಳಿದ್ದೆ. ಅದಕ್ಕೇ ನನಗೆ ಇನ್ನೂ ಸಿಟ್ಟು" ಎಂದರು ಡಾಕ್ಟರಮ್ಮ. "ಒಂದು ಬಾಯಲ್ಲಿ ಚೆನ್ನಾಗಿತ್ತು ರೀ. ಊರೆಲ್ಲಾ ಅದೇ ಆದ್ರೆ? ಈ ನರ್ಸಮ್ಮನಿಗೆ ಗಂಡ ನಕ್ಕರೆ ಕನ್ನಡಿ ನೋಡಿದ ಹಾಗಾಗುತ್ತಂತೆ. ನನ್ನ ಹತ್ರ ಬಂದವರು ಅವರವರ ಮುಖ ಇಟ್ಕೊಂಡು ವಾಪಸ್ ಹೋಗಬೇಕು. ಬೇರೆಯವರ ಮುಖ ಅಲ್ಲ."

"ತಿದ್ದಿಕೊಡ್ತೀನಿ ಮೇಡಂ."

"ಯಾಕಾಯ್ತು ಅಂತ ಮೊದಲು ಗೊತ್ತು ಮಾಡ್ಕೊಳ್ಳಿ. ಗೊತ್ತಾಗೋ ತನಕ ಕೆಲಸ ಕಳಿಸಲ್ಲ."

ಫೋಟೋವನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದೆ. ಕುಕ್ಕರ್ ಅಂಗಡಿಯ ಮುಂದೆ ಹಾದು ಬರುವಾಗ ರಸ್ತೆಯ ಆಚೆ ಬದಿ ಹಿಡಿದೆ.

ಹೆಂಡತಿ ಕೆಲಸದಿಂದ ಬಂದು ಚಹಾ ಕುಡಿಯುತ್ತಿದ್ದಳು. ನಾನು ಏನೂ ಹೇಳುವ ಮೊದಲೇ ಅತ್ತೆ ಫೋಟೋ ಎಳೆದುಕೊಂಡು ಕನ್ನಡಕ ಏರಿಸಿದರು. ಅವರ ವಸಡು ಪೂರ್ತಿ ಕಾಣುವಂತೆ ನಗು ಹೊರಟಿತು.

"ಅಯ್ಯೋ! ಇವರೆಲ್ಲ ನನ್ನ ಮಗಳ ಹಾಗೇ ನಗ್ತಾರಲ್ಲ!"

ಚಹಾದ ಲೋಟ ಮೇಜಿಗೆ ತಾಗಿತು. ಹೆಂಡತಿ ಎದ್ದು ಬಂದು ನೋಡಿದಳು. ತುಂಬ ಹೊತ್ತು ನೋಡಿದಳು. ಅವಳ ತುಟಿಗಳು ಬಿಗಿದುಕೊಂಡವು.

"ಅಂದ್ರೆ ನನಗೆ ಹುಚ್ಚು ಹಿಡಿದಿರಲಿಲ್ಲ" ಎಂದಳು.

ಅವಳ ಕೌಂಟರಿಗೆ ಹಿರಿಯರ ಪಾಸಿಗೆಂದು ಮುದುಕರು ಬರುತ್ತಾರೆ. ಅವರ ಫೋಟೋ ಅಂಟಿಸಿ ಮೊಹರು ಒತ್ತುವವಳು ಅವಳೇ. ಕೆಲವು ತಿಂಗಳಿಂದ ಗಾಜಿನ ಆಚೆ ನಿಂತವರು, ಅವರು ಕೊಟ್ಟ ಫೋಟೋಗಳು, ಎಲ್ಲರೂ ತನ್ನ ಹಾಗೆ ನಗುತ್ತಿದ್ದಾರೆಂದು ಅವಳಿಗೆ ಅನಿಸತೊಡಗಿತ್ತಂತೆ. ತನ್ನ ಮನಸ್ಸಿನ ಹುಳುಕೇ ಇರಬೇಕೆಂದುಕೊಂಡು ಯಾರಿಗೂ ಹೇಳಿರಲಿಲ್ಲ. ಕೌಂಟರಿನಲ್ಲಿ ನಗುವುದನ್ನೇ ನಿಲ್ಲಿಸಿಬಿಟ್ಟಿದ್ದಳು.

"ಚಿಕ್ಕೋಳಿದ್ದಾಗಿಂದ ಕೈ ಅಡ್ಡ ಇಟ್ಟು ಇಟ್ಟು ಮುಚ್ಕೊಂಡಿದ್ದೆ ರೀ ಇದನ್ನ. ನೀವು ಊರಿಗೆಲ್ಲಾ ಹಂಚಿದ್ದೀರಿ! ಕ್ಯಾಷಿಯರ್ ಬಾಯಲ್ಲಿ! ಪೋಸ್ಟ್‌ಮಾಸ್ಟರ್ ಬಾಯಲ್ಲಿ! ಬೇರೆ ಏನೂ ಸಿಗಲಿಲ್ವಾ ನಿಮಗೆ?"

"ಬೇಕು ಅಂತ ಮಾಡಿಲ್ಲ ಕಣೇ."

"ಬೇಕು ಅಂತ ಮಾಡಿದ್ರೆ ಜಗಳ ಆಡಬಹುದಿತ್ತು. ಏನು ಮಾಡ್ತಿದ್ದೀನಿ ಅಂತಾನೂ ಗೊತ್ತಿಲ್ಲದೆ ಮಾಡಿದ್ದೀರಲ್ಲ, ಏನು ಮಾಡೋದು ನಿಮ್ಮನ್ನ?"

ಡಾಕ್ಟರಮ್ಮ ಕೆಲಸ ನಿಲ್ಲಿಸಿದ್ದನ್ನೂ ಹೇಳಿದೆ. ಒಂದೇ ಉಸಿರಿನಲ್ಲಿ ಎರಡೂ ಮುಗಿದುಹೋಗಲಿ ಎಂದು. ಅವಳು ಫೋಟೋವನ್ನು ಮಗುಚಿಟ್ಟು ಶಾಂತವಾಗಿ ಹೇಳಿದಳು: "ಒಪ್ಪಂದ ನೆನಪಿದೆಯಲ್ಲ. ನಾಳೆ ಹೋಗಿ ಸ್ಟೂಲ್ ಕೇಳಿ."

ಮುಖ ಊದಿಸುವಂತಿರಲಿಲ್ಲ. ಅದೂ ಒಪ್ಪಂದದಲ್ಲಿತ್ತು.

ಲ್ಯಾಬಿನಲ್ಲಿ ಯಜಮಾನರು ಮಾತು ಉಳಿಸಿಕೊಂಡಿದ್ದರು. ನನ್ನ ಸ್ಟೂಲ್ ಅಲ್ಲೇ ಇತ್ತು. ಅದರ ಗುಳಿಯಲ್ಲಿ ಯಾರದೋ ಪ್ಲಾಸ್ಟರ್ ದವಡೆಯನ್ನು ಕೂರಿಸಿದ್ದರು. ನನಗಿಂತ ಘನವಾಗಿ ಕೂತಿತ್ತು ಅದು. "ಬಂದ್ಯಾ! ಒಂದನೇ ತಾರೀಕಿಂದ ಬಾ" ಎಂದು ಯಜಮಾನರು ಬೆನ್ನು ತಟ್ಟಿ ಒಳಗೆ ಹೋದರು. ಬೆನ್ನು ತಟ್ಟಿಸಿಕೊಂಡಷ್ಟು ಸುಲಭವಾಗಿ ಒಂದು ವರ್ಷ ಮುಗಿದುಹೋಯಿತು.

ಮೇಸ್ತ್ರಿ ಮಾತ್ರ ನನ್ನನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ನಾನು ಅವರ ಪಕ್ಕದಲ್ಲಿ ಕೂತು ಫೋಟೋ ತೋರಿಸಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ಹಣೆಗೇರಿಸಿದರು. ಆಮೇಲೆ ಮೇಜಿನ ಮೇಲೆ ಹಣೆಯಿಟ್ಟು ನಕ್ಕರು. ಎದ್ದು ಕಣ್ಣೊರೆಸಿಕೊಂಡು ತಮ್ಮ ಹೆಬ್ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದರು.

"ಇದನ್ನ ನೋಡು. ನಿನ್ನ ಎಡಗಡೆ ಹಲ್ಲು ತಿದ್ದಿ ತಿದ್ದಿ ಸವೆದುಹೋಗಿದೆ."

"ಅಂದ್ರೆ?"

"ನೀನು ಸರಿಸಿದ್ದು ಒಂದೊಂದೂ ಸೊಟ್ಟ. ಮೇಣ ಬಿಸಿ ಇರೋವಾಗ್ಲೇ ನೆಟ್ಟಗೆ ಮಾಡಿ ಮುಂದೆ ಕಳಿಸ್ತಿದ್ದೆ."

"ಇಷ್ಟು ವರ್ಷ? ಒಂದು ಮಾತು ಹೇಳಬಾರದಿತ್ತಾ?"

"ಏನಂತ ಹೇಳಲಿ? ಮದುವೆಗೆ ಮೊದಲು ನಿನ್ನ ಸಾಲು ನೂಲು ಹಿಡಿದ ಹಾಗಿತ್ತಪ್ಪ. ಮದುವೆ ಆಯ್ತು, ಸೊಟ್ಟಗಾಯ್ತು. ಹೊಸ ಸಂಸಾರ, ನಿದ್ದೆ ಸಾಲದು, ಸರಿಹೋಗುತ್ತೆ ಅಂದ್ಕೊಂಡೆ. ಮಗು ಆಯ್ತು. ಮಗು ಶಾಲೆಗೂ ಹೋಯ್ತು. ಇವನಿಗೆ ಇನ್ನೂ ನಿದ್ದೆ ಬಂದಿಲ್ವಲ್ಲ ಅಂದ್ಕೊಂಡು ಸುಮ್ಮನಾದೆ."

ಸ್ವತಂತ್ರ ದಂತಶಿಲ್ಪಿಯ ಕಲೆಯ ಮೂಲ ಹೀಗೆ ಪತ್ತೆಯಾಯಿತು. ಲ್ಯಾಬಿನಲ್ಲಿ ಇಷ್ಟು ವರ್ಷ ನಾನು ಮಾಡಿದ್ದನ್ನೆಲ್ಲ ಒಂದು ಹೆಬ್ಬೆರಳು ಅಳಿಸುತ್ತಿತ್ತು. ಸ್ವತಂತ್ರನಾದೆ, ಅಳಿಸುವವರು ಇಲ್ಲವಾದರು, ನನ್ನ ಕೈ ತನಗೆ ಗೊತ್ತಿದ್ದ ಒಂದೇ ಒಂದು ನಗುವನ್ನು ಸಿಕ್ಕಸಿಕ್ಕವರ ಬಾಯಿಗೆ ತುಂಬಿತು.

"ಈಗ ಏನು ಮಾಡಲಿ?"

"ಇಲ್ಲಿ ಬಂದು ಕೂತರೆ ನಾನಿದ್ದೀನಿ, ಹೆಬ್ಬೆರಳಿದೆ. ಅಲ್ಲೇ ಇರ್ತೀಯ ಅಂದ್ರೆ..." ಮೇಸ್ತ್ರಿ ಪ್ಲಾಸ್ಟರ್ ದವಡೆಯನ್ನು ಎತ್ತಿ ಹಿಡಿದರು. "ಇದಕ್ಕೆ ಮುಖ ಇದೆಯೇನೋ? ಇಲ್ಲ. ಮುಖ ಇಲ್ಲದ್ದಕ್ಕೆ ಹಲ್ಲು ಇಡು ಅಂದ್ರೆ ಕೈ ತನಗೆ ಇಷ್ಟವಾದ ಮುಖವನ್ನೇ ಹುಡುಕ್ಕೊಳ್ಳುತ್ತೆ. ಯಾರಿಗೆ ಮಾಡ್ತೀಯೋ ಅವರ ಮುಖ ನೋಡಿ ಮಾಡು."

ದಾರಿಯುದ್ದಕ್ಕೂ ನಾನು ಬಸ್ಸಿನಲ್ಲಿ ಎದುರಿಗೆ ಕೂತವರ ಬಾಯಿಗಳನ್ನೇ ನೋಡುತ್ತಾ ಬಂದೆ. ಒಬ್ಬರು ಎದ್ದು ಬೇರೆ ಸೀಟಿಗೆ ಹೋದರು.

ಮನೆಯಲ್ಲಿ ಹೆಂಡತಿಗೆ ಮೇಸ್ತ್ರಿಯ ಮಾತನ್ನು ಹಾಗೆಯೇ ಹೇಳಿದೆ. "ಮದುವೆಗೆ ಮೊದಲು ನೆಟ್ಟಗಿತ್ತಂತೆ. ಆಮೇಲೆ ಸೊಟ್ಟಗಾಯ್ತಂತೆ."

"ಓಹೋ. ಅಂದ್ರೆ ನಾನು ಬಂದು ಹಾಳು ಮಾಡಿದೆ ಅಂತಾನಾ?"

"ಅಲ್ಲ..." ಎಂದೆ. ಊರಿನ ಮುದುಕರಿಗೆಲ್ಲ ಬಾಯಿ ಕೊಟ್ಟವನಿಗೆ ಬೇಕಾದಾಗ ಮಾತಿಲ್ಲ. ಅವಳು ಬಟ್ಟೆ ತೆಗೆಯಲು ಹಿಂಬದಿಗೆ ಹೋದಳು. ಇಣುಕಿ ನೋಡಿದರೆ ಲಂಗ ಮಡಿಸುತ್ತಾ, ಮೊದಲ ಸಲ, ಹಲಗೆಯ ಕಡೆ ಮುಖ ಮಾಡಿ ನಿಂತಿದ್ದಳು.

ಮರುದಿನ ಡಾಕ್ಟರಮ್ಮನಿಗೆ ಫೋನ್ ಮಾಡಿ ಕಾರಣ ಹೇಳಿದೆ. ಕಾರಣವೆಂದರೆ ಪೂರ್ತಿ ಅಲ್ಲ. "ಮುಖ ನೋಡದೆ ಮಾಡ್ತಿದ್ದೆ ಮೇಡಂ, ಅಭ್ಯಾಸಬಲ" ಎಂದಷ್ಟೇ. ಇನ್ನು ಮೇಲೆ ಪ್ರತಿ ಅಚ್ಚಿನ ಜೊತೆ ಆ ಮನುಷ್ಯರು ಹಲ್ಲಿದ್ದಾಗ ತೆಗೆಸಿಕೊಂಡ ಫೋಟೋ ಒಂದು ಬೇಕು ಎಂದೆ. ಹಳೆಯದನ್ನೆಲ್ಲ ನನ್ನ ಖರ್ಚಿನಲ್ಲೇ ಬದಲಾಯಿಸುತ್ತೇನೆ ಎಂದೆ.

"ಒಂದು ಮಾಡಿ ತೋರಿಸಿ. ನೋಡಿ ಹೇಳ್ತೀನಿ" ಎಂದರು. "ಯಾರದ್ದಾದರೂ ಆಗಲಿ. ಆದ್ರೆ ಆ ಸೊಟ್ಟ ಹಲ್ಲು ಮತ್ತೆ ನನ್ನ ಕಣ್ಣಿಗೆ ಬೀಳಬಾರದು."

ಯಾರದ್ದು ಮಾಡುವುದು? ಕೆಲಸವೇ ಇಲ್ಲ, ರೋಗಿ ಎಲ್ಲಿಂದ ಬರಬೇಕು? ಊಟದ ಹೊತ್ತಿನಲ್ಲಿ ಇದನ್ನೇ ಗೊಣಗುತ್ತಿದ್ದೆ. ಒಂದನೇ ತಾರೀಕು ಹತ್ತಿರವಾಗಿತ್ತು. ಅತ್ತೆ ಮೆತ್ತಗೆ ಕಲಸಿಕೊಂಡ ಊಟವನ್ನು ವಸಡಿನಲ್ಲೇ ಆಡಿಸುತ್ತಾ ನಮ್ಮಿಬ್ಬರನ್ನೂ ನೋಡಿದರು.

"ನನ್ನ ಬಾಯಿ ಖಾಲಿ ಇದೆಯಲ್ಲ" ಎಂದರು.

"ನಿಮಗೆ ಬೇಡ ಅಂದ್ರಲ್ಲ ಅತ್ತೆ, ಸ್ವಾತಂತ್ರ್ಯ ಹೋಗುತ್ತೆ ಅಂತ."

"ನಿಮ್ಮದು ಹೋಗೋ ಬದಲು ನಂದು ಹೋಗಲಿ ಬಿಡಿ. ನೀವು ಆ ಸ್ಟೂಲ್ ಹತ್ತಿದ್ರೆ ಸಂಜೆ ತನಕ ನಾನು ಯಾರನ್ನ ಗೋಳು ಹೊಯ್ಕೊಳ್ಳಲಿ?"

ಅತ್ತೆಯ ಅಚ್ಚು ತೆಗೆಸಿದೆ. ಹಳೆಯ ಫೋಟೋ ಕೇಳಿದೆ. ಹೆಂಡತಿ ಟ್ರಂಕಿನಿಂದ ಇರುವುದನ್ನೆಲ್ಲ ತಂದು ಹರಡಿದಳು. ಹರೆಯದ ಅತ್ತೆ, ಮಗಳನ್ನು ಎತ್ತಿಕೊಂಡ ಅತ್ತೆ, ಮಾವನವರ ಪಕ್ಕ ನಿಂತ ಅತ್ತೆ. ಒಂದರಲ್ಲೂ ಹಲ್ಲಿಲ್ಲ. ನಗದೆ ನಿಂತಲ್ಲಿ ತುಟಿ ಬಿಗಿದಿದೆ. ನಕ್ಕಲ್ಲೆಲ್ಲ ಬಾಯಿಗೆ ಅಂಗೈ ಅಡ್ಡ ಇದೆ.

ನಾನೂ ಹೆಂಡತಿಯೂ ಒಟ್ಟಿಗೇ ತಲೆಯೆತ್ತಿದೆವು.

"ಅಮ್ಮಾ," ಎಂದಳು ಅವಳು, "ನಿಂದೂ ಸೊಟ್ಟ ಇತ್ತಾ?"

"ಮತ್ತೆ ನಿನಗೆ ಎಲ್ಲಿಂದ ಬಂತು, ಅಂಗಡಿಯಿಂದ ತಂದದ್ದಾ?"

"ಒಂದು ದಿನಾನೂ ಹೇಳಲಿಲ್ವಲ್ಲ!"

"ಅಳ್ತಾ ಬಂದಿದ್ದೆ ನೀನು, ಸೊಟ್ಟಹಲ್ಲಿ ಅಂತಾರೆ ಅಂತ. ನಾನು ಕೊಟ್ಟಿದ್ದು ಅಂತ ಹೇಗೆ ಹೇಳಲಿ? ಕೈ ಅಡ್ಡ ಇಟ್ಕೋ ಅಂತ ಹೇಳಿಕೊಟ್ಟೆ. ನನಗೆ ಗೊತ್ತಿದ್ದದ್ದು ಅಷ್ಟೇ." ಅತ್ತೆ ಫೋಟೋಗಳನ್ನು ಒಟ್ಟುಮಾಡತೊಡಗಿದರು. "ಹಲ್ಲು ಬಿದ್ದ ಮೇಲೆ ಕೈ ಕೆಳಗಿಳೀತು ನೋಡು. ಆರಾಮಾಗಿ ನಗ್ತಾ ಇದ್ದೀನಿ."

ಬೋಳು ವಸಡಿನ ಆ ಬಾಗಿಲ ನಗುವನ್ನು ಕೆಟ್ಟ ಜಾಹೀರಾತೆಂದು ನಾನು ಲೆಕ್ಕ ಹಾಕಿದ್ದೆನಲ್ಲ, ನನ್ನ ಬುದ್ಧಿಯ ಅಳತೆ ಅಷ್ಟು.

ಈಗ ಎರಡೇ ದಾರಿ. ಡಾಕ್ಟರಮ್ಮ ಹೇಳಿದಂತೆ ನೆಟ್ಟಗೆ ಕಟ್ಟಬೇಕು, ಕೆಲಸ ಉಳಿಯುತ್ತದೆ. ಇಲ್ಲವೇ ಮೇಸ್ತ್ರಿ ಹೇಳಿದಂತೆ ಮುಖ ನೋಡಿ ಕಟ್ಟಬೇಕು. ಈ ಮುಖದ್ದು ಸೊಟ್ಟ ಹಲ್ಲೇ. ಮೊದಲು ನೆಟ್ಟಗೆ ಇಟ್ಟೆ. ಬೆಳಕಿಗೆ ಹಿಡಿದರೆ ಅಂಗಡಿಯ ಗೊಂಬೆ ನಕ್ಕ ಹಾಗಿತ್ತು. ಮೇಣ ಕಾಯಿಸಿ ತಿರುಗಿಸಹೋದರೆ, ಇಷ್ಟು ವರ್ಷ ಹೇಳದೆ ಕೇಳದೆ ತಿರುಗಿಸಿದ್ದ ಬೆರಳು ಈಗ ಎಷ್ಟು ತಿರುಗಿಸಬೇಕೆಂದು ತಿಳಿಯದೆ ಅತ್ತಿತ್ತ ಆಡಿತು. ಗೊತ್ತಿಲ್ಲದಾಗ ಬರುತ್ತಿದ್ದದ್ದು ಗೊತ್ತಾದ ಕೂಡಲೇ ಕೈಕೊಟ್ಟಿತ್ತು.

ಬಾಗಿಲಲ್ಲಿ ನೆರಳು ಬಿತ್ತು. ಹೆಂಡತಿ ಒಳಬಂದು, ಒಣಗಿದ ಟವೆಲುಗಳನ್ನು ಪಕ್ಕಕ್ಕೆ ಸರಿಸಿ, ದೀಪದ ಮುಂದೆ ಕೂತಳು.

"ನೋಡ್ಕೊಂಡು ಮಾಡಿ" ಎಂದಳು.

"ಏನನ್ನ?"

"ಇನ್ನೇನನ್ನ. ಅಮ್ಮಂದು ಬೇರೆ ಎಲ್ಲೂ ಉಳಿದಿಲ್ಲವಲ್ಲ."

ದೀಪವನ್ನು ಅವಳ ಕಡೆ ಬಗ್ಗಿಸಿದೆ. ಅವಳ ಕೈ ಅರ್ಧಕ್ಕೆ ಮೇಲೆ ಹೋಯಿತು, ಅಲ್ಲೇ ನಿಂತು, ನಿಧಾನವಾಗಿ ಇಳಿದು ಮಡಿಲಲ್ಲಿ ಕೂತಿತು. ಅವಳು ಬಾಯಿ ತೆರೆದಳು. ಅಂಗೈಯ ಅಂಚಿನಿಂದ ಕದ್ದು ಕದ್ದು ನೋಡಿದ್ದನ್ನು ನಾನು ಅಂದು ನೆಟ್ಟ ಕಣ್ಣಿನಿಂದ ನೋಡಿದೆ. ನನ್ನ ಕೈ ಅದನ್ನು ಎಲ್ಲರ ಬಾಯಲ್ಲೂ ಸ್ವಲ್ಪ ಹೆಚ್ಚೇ ತಿರುಗಿಸಿತ್ತು. ಅದು ಅಷ್ಟೇನೂ ಸೊಟ್ಟ ಇರಲಿಲ್ಲ.

"ಅಷ್ಟು ಹೊತ್ತು ಏನು ನೋಡ್ತೀರಿ? ದವಡೆ ನೋಯುತ್ತೆ" ಎಂದಳು, ಬಾಯಿ ಮುಚ್ಚದೆ.

"ಇರು. ಲ್ಯಾಬಿನವರು ಗಡಿಬಿಡಿ ಮಾಡ್ತಾರೆ, ಸ್ವತಂತ್ರರು ಮಾಡಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ಆ ಹೊತ್ತಿನ ನಗುವಿನಿಂದಲೇ ಅಳತೆ ತೆಗೆದುಕೊಂಡೆ.

ಅತ್ತೆಯನ್ನು ಡಾಕ್ಟರಮ್ಮನ ಕ್ಲಿನಿಕ್ಕಿಗೆ ಕರೆದೊಯ್ದೆವು. ಹೆಂಡತಿ ರಜೆ ಹಾಕಿದ್ದಳು. ನಮ್ಮ ಮನೆಯಲ್ಲಿ ರಜೆ ಹಾಕಬಲ್ಲವಳು ಅವಳೊಬ್ಬಳೇ. ಡಾಕ್ಟರಮ್ಮ ಸೆಟ್ಟನ್ನು ಅತ್ತೆಯ ಬಾಯಿಗಿಟ್ಟು, "ಎಲ್ಲಿ, ನಗಿ" ಎಂದರು. ಅತ್ತೆ ನಕ್ಕರು. ಡಾಕ್ಟರಮ್ಮನ ಹುಬ್ಬು ಮೇಲೇರಿತು.

"ಮತ್ತೆ ಅದೇ ಹಲ್ಲು! ಏನ್ರೀ ನೀವು, ನಾನು ಹೇಳಿದ್ದೇನು?"

ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಹೊಸ ಹಲ್ಲಿನೊಳಗೆ ನಾಲಿಗೆಗೆ ದಾರಿ ಹುಡುಕಿಕೊಂಡು ಹೇಳಿದರು: "ಡಾಕ್ಟ್ರೇ, ಇದು ನಂದೇ. ಬೇರೆಯವರ ಬಾಯಲ್ಲಿ ನೋಡಿದ್ರಲ್ಲ, ಅದೆಲ್ಲ ನನ್ನಿಂದ ಹೋದದ್ದು. ಬೇಕಾದ್ರೆ ಇವಳನ್ನ ನೋಡಿ."

ಡಾಕ್ಟರಮ್ಮ ತಿರುಗಿದರು. ಹೆಂಡತಿ ಗೋಡೆಗೆ ಒರಗಿ ನಿಂತು ನಗುತ್ತಿದ್ದಳು. ಎರಡು ಕೈಗಳಲ್ಲಿ ಅಮ್ಮನ ಚೀಲ ಹಿಡಿದಿದ್ದಳು, ಅದನ್ನು ಕೆಳಗಿಡಲಿಲ್ಲ. ಡಾಕ್ಟರಮ್ಮ ತಾಯಿಯನ್ನು ನೋಡಿದರು, ಮಗಳನ್ನು ನೋಡಿದರು, ಆಮೇಲೆ ನನ್ನನ್ನು. ನನ್ನ ಕಿವಿ ಕೆಂಪಾಗಿದ್ದಿರಬೇಕು.

"ಇದಾ ನಿಮ್ಮ ಅಭ್ಯಾಸಬಲ!" ಎಂದರು.

ಆಚೆ ಮೇಜಿನಿಂದ ಎರಡು ಅಚ್ಚುಗಳನ್ನೂ ಎರಡು ಹಳೆಯ ಫೋಟೋಗಳನ್ನೂ ಕೊಟ್ಟರು. "ಸದ್ಯಕ್ಕೆ ಇಷ್ಟು. ಇವರಿಬ್ಬರೂ ಬೇರೆ ಬೇರೆ ಥರ ನಕ್ಕರೆ ಮುಂದಿನ ಮಾತು."

ನಕ್ಕರು. ಒಬ್ಬರು ತುಟಿ ಬಲಕ್ಕೆ ಎಳೆದು, ಒಬ್ಬರು ಬಾಯಿ ಪೂರ್ತಿ ತೆರೆದು. ಕೆಲಸ ನಿಧಾನವಾಗಿ ಮರಳಿತು. ಮೊದಲಿನಷ್ಟಲ್ಲ, ಮುಖ ನೋಡಿ ಮಾಡಿದರೆ ಹೊತ್ತು ಹಿಡಿಯುತ್ತದೆ, ಹೊಸ ಕುಕ್ಕರ್ ಇನ್ನೂ ಅಂಗಡಿಯಲ್ಲೇ ಇದೆ. ಹಳಬರಿಗೆಲ್ಲ ಬದಲಾಯಿಸಿಕೊಡುತ್ತೇವೆ ಎಂದು ಹೇಳಿ ಕಳಿಸಿದರೆ ನರ್ಸಮ್ಮನ ಯಜಮಾನರೊಬ್ಬರೇ ಬಂದರು, ಅದೂ ನರ್ಸಮ್ಮ ಕಳಿಸಿದ್ದಕ್ಕೆ. ಮಿಕ್ಕವರು ಈಗಿರುವುದೇ ಸಾಕೆಂದರು. ಹೀಗಾಗಿ ಕೌಂಟರಿನ ಗಾಜಿನ ಆಚೆ ಅವರು ಈಗಲೂ ಬಂದು ನಿಲ್ಲುತ್ತಾರೆ. "ನಿಮ್ಮ ಸಂಬಂಧಿಕರು ಬಂದಿದ್ದರು" ಎಂದು ಹೆಂಡತಿ ಸಂಜೆ ವರದಿ ಕೊಡುತ್ತಾಳೆ.

ಒಂದನೇ ತಾರೀಕಿಗೆ ಲ್ಯಾಬಿಗೆ ಹೋಗಿ ಸ್ಟೂಲನ್ನು ಬೇರೆಯವರಿಗೆ ಕೊಡಿ ಎಂದೆ. ಯಜಮಾನರು ಮತ್ತೆ ಬೆನ್ನು ತಟ್ಟಲು ಕೈಯೆತ್ತಿ, ಯಾಕೋ ಬೇಡವೆಂದು ಇಳಿಸಿದರು. "ಒಳ್ಳೇದಾಯ್ತು, ನನ್ನ ಹೆಬ್ಬೆರಳು ಉಳೀತು" ಎಂದು ಮೇಸ್ತ್ರಿ ಮುಂದಿನ ದವಡೆ ಎತ್ತಿಕೊಂಡರು.

ಅತ್ತೆ ಹಲ್ಲು ಹಾಕಿಕೊಳ್ಳುವುದು ಹೊರಗೆ ಹೊರಟಾಗ ಮಾತ್ರ. ಮನೆಗೆ ಬಂದೊಡನೆ ತೆಗೆದು ನೀರಿನ ಲೋಟದಲ್ಲಿ ಹಾಕಿ, ಬಾಗಿಲ ಕುರ್ಚಿಯಲ್ಲಿ ಕೂತು, ಬೋಳುಬಾಯಿಯಲ್ಲಿ ನಗುತ್ತಾ ನನ್ನ ವ್ಯಾಪಾರ ಕೆಡಿಸುತ್ತಾರೆ. ಲೋಟ ಅಡುಗೆಮನೆಯ ಕಿಟಕಿಯ ಮೇಲಿರುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹೆಂಡತಿ ಅದರ ನೀರು ಬದಲಾಯಿಸುತ್ತಾಳೆ. ಹೊಸ ನೀರಿಗೆ ಬಿಸಿಲು ಬಿದ್ದು, ಒಳಗಿನ ಹಲ್ಲು ಒಂದು ಕ್ಷಣ ಅಲುಗಿದ ಹಾಗಾಗುತ್ತದೆ. ಅವಳು ಅದರ ಕಡೆ ನೋಡಿ ಹಲ್ಲು ಬಿಟ್ಟು ಅಣಕಿಸಿ, ಚೀಲ ಎತ್ತಿಕೊಂಡು ಹೋಗುತ್ತಾಳೆ. ನಾನು ಕುಕ್ಕರ್ ಒಲೆಯ ಮೇಲಿಡುತ್ತೇನೆ.